ಟೇಪಕ್ಕನ ಟೆನಿಸ್

ಅಳತೆಯ ಟೇಪು ಸದಾ ಕೊರಳಲ್ಲಿ ನೇತಾಡುತ್ತಿದ್ದುದರಿಂದ ಅವಳಿಗೆ ಟೇಪಕ್ಕ ಎಂಬ ಹೆಸರು ಬಿದ್ದಿತ್ತು. ಟೆನಿಸ್ ಕ್ಲಬ್ಬಿನ ಹಿಂದಿನ ಗೋಡೆಗೆ ಅಂಟಿಕೊಂಡ ಎರಡು ಕೋಣೆಗಳ ಮನೆ. ಮುಂದಿನದರಲ್ಲಿ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಸಂಸಾರ. ಗಂಡ ಕ್ಲಬ್ಬಿನ ಹುಲ್ಲು ನೋಡಿಕೊಳ್ಳುವವನು. ಬೆಳಗಾದರೆ ರೋಲರ್ ಎಳೆಯುವುದು, ಹುಲ್ಲು ಕತ್ತರಿಸುವುದು, ಸುಣ್ಣದ ನೀರಿನಲ್ಲಿ ಗೆರೆ ಹಾಕುವುದು. ಆ ಹುಲ್ಲಿನ ಮೇಲೆ ಹೆಂಡತಿ ಮಕ್ಕಳ ಕಾಲು ಬೀಳದಂತೆ ನೋಡಿಕೊಳ್ಳುವುದೂ ಅವನ ಕೆಲಸವೇ ಆಗಿತ್ತು.

ಆ ಕಾಲದಲ್ಲಿ ಹೆಂಗಸರು ಪಾದ ಮುಟ್ಟುವ ಬಿಳಿ ಲಂಗ ತೊಟ್ಟು ಆಡುತ್ತಿದ್ದರು. ಒಳಗೊಂದು ಲಂಗ, ಮಣಿಕಟ್ಟಿನ ತನಕ ತೋಳು, ತಲೆಗೆ ಅಗಲವಾದ ಟೋಪಿ. ಓಡುವ ಮಾತೇ ಇರಲಿಲ್ಲ. ಚೆಂಡು ಹತ್ತಿರ ಬಂದರೆ ಹೊಡೆಯುವುದು, ಬಾರದಿದ್ದರೆ ನಕ್ಕು ಸುಮ್ಮನಾಗುವುದು. ಸುಮ್ಮನಾಗದವರೆಂದರೆ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಒಬ್ಬರೇ. ಒಂದು ಸಂಜೆ ಅವರು ಚೆಂಡಿನ ಹಿಂದೆ ಓಡಿ, ಲಂಗ ಕಾಲಿಗೆ ತೊಡರಿ ಬಿದ್ದರು. ತರಚಿದ ಮೊಣಕೈಯಲ್ಲೇ ಟೇಪಕ್ಕನ ಬಾಗಿಲಿಗೆ ಬಂದರು.

“ಇದನ್ನ ಕತ್ತರಿಸಿ ಕೊಡಿ.”

“ಎಲ್ಲೀ ತನಕ ಡಾಕ್ಟರಮ್ಮ?”

“ಓಡೋಕೆ ಆಗೋ ತನಕ.”

ಟೇಪಕ್ಕ ಅವರನ್ನು ಆ ಗೋಡೆಯಿಂದ ಈ ಗೋಡೆಗೆ ಓಡಿಸಿದಳು, ಬಗ್ಗಿಸಿದಳು, ಪಕ್ಕಕ್ಕೆ ಹಾರಿಸಿದಳು. ಕೊನೆಗೆ ಮೊಣಕಾಲಿನಿಂದ ಒಂದು ಗೇಣು ಕೆಳಗೆ ಗುರುತು ಹಾಕಿ, ಒಳಲಂಗವನ್ನು ಕೈಬಿಟ್ಟು, ಎರಡೂ ಬದಿ ನೆರಿಗೆಯಿಟ್ಟು ಹೊಲಿದಳು.

ಅದನ್ನು ತೊಟ್ಟು ಹೋದ ದಿನವೇ ಕ್ಲಬ್ಬಿನಲ್ಲಿ ಗದ್ದಲ. “ಹೀಗೆ ಬರೋದಾದ್ರೆ ಇಲ್ಲಿ ಆಡೋದು ಬೇಡ” ಎಂದರು ಅಧ್ಯಕ್ಷರು. ಡಾಕ್ಟರಮ್ಮ ಜಗಳಕ್ಕೆ ನಿಲ್ಲಲಿಲ್ಲ. ರ‍್ಯಾಕೆಟ್ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಬಂದವರೇ ಆಸ್ಪತ್ರೆಯ ಹಿಂದೆ ಬಟ್ಟೆ ಒಣಹಾಕುವ ಬಯಲನ್ನು ಗೊತ್ತುಮಾಡಿದರು. ಟೇಪಕ್ಕನ ಗಂಡ ರಜೆಯ ದಿನ ಹೋಗಿ ನೆಲ ಸಮಮಾಡಿ ಗೆರೆ ಹಾಕಿಕೊಟ್ಟ. ಟೇಪಕ್ಕ ಹುರಿಯಿಂದ ನೆಟ್ ಹೆಣೆದಳು. ಎಲ್ಲ ಸಿದ್ಧವಾಯಿತು, ಎದುರು ಆಡುವವರೇ ಇಲ್ಲ.

“ನೀವೇ ಬನ್ನಿ ಟೇಪಕ್ಕ.”

“ಅಯ್ಯೋ, ನಾನಾ? ಕತ್ತರಿ ಬಿಟ್ಟು ಬೇರೇನೂ ಹಿಡಿದೋಳಲ್ಲ ನಾನು!”

“ನಾನೂ ಕತ್ತರಿ ಹಿಡಿಯೋಳೇ. ಬನ್ನಿ.”

ಮೊದಲ ಚೆಂಡು ಆಸ್ಪತ್ರೆಯ ಮಾಡಿನ ಮೇಲೆ ಹೋಗಿ ಕೂತಿತು. ಇನ್ನೊಂದು ಒಣಹಾಕಿದ ಹಾಸಿಗೆ ಬಟ್ಟೆಗೆ ಬಡಿದು ಅಲ್ಲೇ ಸುತ್ತಿಕೊಂಡಿತು. ಆದರೂ ಟೇಪಕ್ಕ ಮುಖ ಅರಳಿಸಿಕೊಂಡು ಮನೆಗೆ ಬಂದಳು.

“ಇಷ್ಟು ವರ್ಷ ಗೋಡೆ ಆಚೆ ‘ಲವ್, ಲವ್’ ಅಂತ ಕೂಗೋದು ಕೇಳಿ ದೊಡ್ಡೋರ ಸರಸ ಅಂದ್ಕೊಂಡಿದ್ದೆ ಕಣ್ರೀ. ಸೊನ್ನೆ ಅಂತ ಅರ್ಥವಂತೆ!”

“ಸರಿಯಾಗೇ ಇದೆ ಬಿಡೇ,” ಎಂದ ಗಂಡ. “ನಿನ್ನ ಕಟ್ಕೊಂಡಾಗ ನನ್ನ ಜೇಬಲ್ಲಿ ಇದ್ದಿದ್ದೂ ಅಷ್ಟೇ.”

ಕ್ರಮೇಣ ಕೈ ಪಳಗಿತು. ನರ್ಸುಗಳು ಬಂದರು, ಶಾಲೆಯ ಟೀಚರುಗಳು ಬಂದರು. ಬಂದವರೆಲ್ಲ ಟೇಪಕ್ಕನಲ್ಲೇ ಗಿಡ್ಡ ಲಂಗ ಹೊಲಿಸಿಕೊಂಡರು. ಒಂದು ದಿನ ಕ್ಲಬ್ಬಿನ ಅಧ್ಯಕ್ಷರ ಮಗಳೂ ಹಿತ್ತಿಲ ಬಾಗಿಲಿಂದ ಒಳಬಂದು ಅಳತೆ ಕೊಟ್ಟಳು. “ಅಪ್ಪಂಗೆ ಹೇಳ್ಬೇಡಿ ಅಕ್ಕ.”

ಕೆಲವು ವರ್ಷಗಳಲ್ಲಿ ಪುರಸಭೆಯವರು ಪಾರ್ಕಿನ ಪಕ್ಕ ಎಲ್ಲರಿಗೂ ಆಡಲು ಸಿಮೆಂಟಿನ ಕೋರ್ಟು ಕಟ್ಟಿಸಿದರು. ಅಲ್ಲಿ ನಡೆದ ಹೆಂಗಸರ ಜೋಡಿಯಾಟದ ಫೈನಲ್‌ನಲ್ಲಿ ಒಂದು ಕಡೆ ಟೇಪಕ್ಕ ಮತ್ತು ಡಾಕ್ಟರಮ್ಮ, ಇನ್ನೊಂದು ಕಡೆ ಅಧ್ಯಕ್ಷರ ಮಗಳು ಮತ್ತು ಅವಳ ಗೆಳತಿ. ನಾಲ್ವರ ಮೈಮೇಲೂ ಟೇಪಕ್ಕನದೇ ಹೊಲಿಗೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಧ್ಯಕ್ಷರು ಮೊದಲು ಗಂಟಿಕ್ಕಿದ ಮುಖದಲ್ಲಿದ್ದರು. ಮಗಳು ಜಿಂಕೆಯ ಹಾಗೆ ಓಡುವುದನ್ನು ಕಂಡು, ತಮಗೇ ತಿಳಿಯದಂತೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಟೇಪಕ್ಕನ ಜೋಡಿ ಸೋತಿತು. ಆದರೆ ಎದುರಿನ ಇಬ್ಬರ ನಡುವೆ ಅವಳು ತೂರಿಸಿದ ಒಂದು ಚೆಂಡು ಗೆರೆಯ ಮೇಲೇ ಬಿದ್ದು ಹಾರಿತ್ತು. ಅಳತೆ ಕೊಡಲು ಬಂದವರಿಗೆಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಆ ಹೊಡೆತವನ್ನು ಅಭಿನಯಿಸಿ ತೋರಿಸುತ್ತಿದ್ದಳು. ಸೋತ ಸಂಗತಿಯನ್ನು ಕೇಳಿದರಷ್ಟೇ ಹೇಳುತ್ತಿದ್ದಳು.

ಈಗ ಕೂದಲು ಬೆಳ್ಳಗಾಗಿದೆ. ಡಾಕ್ಟರಮ್ಮ ಮಂಡಿನೋವಿನಿಂದ ಬೆಂಚಿನ ಮೇಲೆ ಕೂತು ಸಲಹೆ ಕೊಡುತ್ತಾರೆ. ಟೇಪಕ್ಕನಿಗೆ ಜೋಡಿಯಾಗಿ ಸೊಸೆ ಆಡುತ್ತಾಳೆ. ಮೊನ್ನೆ ಇಬ್ಬರ ನಡುವೆ ಒಂದು ಚೆಂಡು ನುಸುಳಿ ಹೋಯಿತು.

“ಅತ್ತೆ, ಅದು ನನ್ನ ಚೆಂಡು. ನೀವ್ಯಾಕೆ ಅಡ್ಡ ಬಂದ್ರಿ?”

“ನಿಂದಾದ್ರೆ ನೀನು ಓಡ್ಬೇಕಿತ್ತು ಕಣೇ. ದಾರಿ ನೋಡ್ತಾ ನಿಂತ್ರೆ ಅದೇನು ಬಸ್ಸಾ?”

ಸೊಸೆಗೆ ನಗು ತಡೆಯಲಾಗಲಿಲ್ಲ. ಟೇಪಕ್ಕ ಸೆರಗು ಹುಡುಕಿದ ಕೈಯನ್ನು ಗಿಡ್ಡ ಲಂಗಕ್ಕೇ ಒರಸಿಕೊಂಡು ಮುಂದಿನ ಚೆಂಡಿಗೆ ಸಜ್ಜಾಗಿ ನಿಂತಳು.