ಈಸು ಕಲಿಸಿದ ಕೈ

ಓದಿ ನಗುವವರು ನಗಲಿ. ನನಗೆ ಕಥೆ ಕಟ್ಟಲು ಬರುವುದಿಲ್ಲ. ನನ್ನ ಎರಡೂ ಮೊಣಕಾಲಿನ ಮೇಲೆ ಕಲ್ಲು ತರಚಿದ ಕಲೆ ಇನ್ನೂ ಇದೆ. ಅದು ಹೇಗಾಯಿತೋ ಹಾಗೆಯೇ ಹೇಳುತ್ತೇನೆ.

ನನ್ನೂರು ಮಾಗನೂರು. ಡಿಗ್ರಿ ಓದಲು ನಾರಾಯಣಪೇಟೆಗೆ ಬಂದಿದ್ದೆ. ಹಳೇ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಸೀರೆ ನೇಯುವ ನಾಗಪ್ಪಜ್ಜನ ಮನೆಯ ಮಾಳಿಗೆಯ ಮೇಲೆ ನಮ್ಮ ರೂಮು. ನಾವು ಮೂವರು. ಮಕ್ತಲದ ಬಸವರಾಜ, ಧರೂರಿನ ಸೀನು, ನಾನು ಮಲ್ಲೇಶಿ. ಕೆಳಗೆ ಹಗಲೆಲ್ಲ ಮಗ್ಗದ ಸದ್ದು, ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ.

ಅವತ್ತು ನಮ್ಮ ಕೊನೆಯ ಪರೀಕ್ಷೆ ಮುಗಿದಿತ್ತು. ಬೇಸಿಗೆ. ಬಜಾರಿನಲ್ಲಿ ಮಿರ್ಚಿ ಬಜ್ಜಿ, ಮಂಡಕ್ಕಿ ಒಗ್ಗರಣೆ ತಿಂದು ರೂಮಿಗೆ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಗೋಡೆಗಳು ಹೆಂಚಿನ ಹಾಗೆ ಕಾದಿದ್ದವು.

"ಬಾವಿಗೆ ಹೋಗೂನು ನಡೀರಲೇ," ಅಂದ ಬಸವರಾಜ. "ಮಲ್ಲೇಶಿಗೆ ಇವತ್ತು ಈಸು ಕಲಿಸೇ ಬಿಡೂನು."

ಮೂರು ವರ್ಷದಿಂದ ಅವರಿಬ್ಬರೂ ಆ ಬಾವಿಯಲ್ಲಿ ಈಜುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಅವರ ಬಟ್ಟೆ ಕಾಯುತ್ತಿದ್ದೆ. ಹೊಳೆಯ ದಂಡೆಯ ಊರಿನವನಾದರೂ ಅವ್ವ ನನ್ನನ್ನು ನೀರಿಗೆ ಬಿಟ್ಟವಳೇ ಅಲ್ಲ. ಆ ನಾಚಿಕೆ ನನಗೆ ಇದ್ದೇ ಇತ್ತು. ಹೂಂ ಅಂದೆ.

ಊರ ಹೊರಗಿನ ಕಲ್ಲು ಕಟ್ಟಿದ ಬಾವಿ ಅದು. ಎರಡು ಕಡೆ ಮೆಟ್ಟಿಲು. ಆಚೆ ಕಡೆಯವು ಕುಸಿದು, ಜಾಲಿ ಬೆಳೆದು, ಅಲ್ಲಿ ಯಾರೂ ಇಳಿಯುತ್ತಿರಲಿಲ್ಲ. ಎಂಟು ಗಂಟೆಯಾಗಿರಬೇಕು. ಪಾಚಿಯ ವಾಸನೆ... ಗೂಡಿನಲ್ಲಿ ಪಾರಿವಾಳಗಳ ಗುಟುರು... ಕೆಳಗೆ ಕರ್ರಗಿನ ನೀರು.

ಸೀನು ಮೇಲಿನ ಮೆಟ್ಟಿಲಲ್ಲೇ ಕೂತ. "ನಂಗ ಹೊಟ್ಟಿ ಭಾರ ಆಗೇತಿ. ನೀವು ಈಸ್ರಿ."

ಬಸವರಾಜ ನನ್ನನ್ನು ಎದೆಮಟ್ಟದ ನೀರಿಗೆ ಇಳಿಸಿದ. ಬೆನ್ನಿಗೆ ಕಟ್ಟುವ ಪ್ಲಾಸ್ಟಿಕ್ ಡಬ್ಬಿ ತಂದಿರಲಿಲ್ಲ.

"ಡಬ್ಬಿ ಯಾಕ? ನನ್ನ ಕೈ ಐತಲ್ಲ. ಬೋರಲು ಮಲಗು. ಕೈ ಆಡ್ಸು, ಕಾಲು ಬಡಿ."

ಹೊಟ್ಟೆಯ ಕೆಳಗೆ ಅವನ ಅಂಗೈ ಇತ್ತು. ನಾನು ಭಯಕ್ಕೆ ಕಣ್ಣು ಮುಚ್ಚಿ ಕೈಕಾಲು ಬಡಿಯತೊಡಗಿದೆ. ಕಿವಿಯೊಳಗೆ ನೀರು ಗುಂಯ್‌ಗುಡುತ್ತಿತ್ತು. ಸ್ವಲ್ಪ ಹೊತ್ತಿಗೆ ಭಯ ಇಳಿಯಿತು. ಮೈ ಹಗುರಾಯಿತು. ನಾನು ಮುಂದೆ ಮುಂದೆ ಹೋಗುತ್ತಿದ್ದೆ. ಅಂಗೈ ನನ್ನ ಜೊತೆಗೇ ಬರುತ್ತಿತ್ತು.

ಕಿವಿಯ ಹತ್ತಿರ ಮೆಲ್ಲಗೆ ಕೇಳಿಸಿತು...

"ಬಿಡ್ಲೇನು?"

"ಬ್ಯಾಡಪಾ, ಬ್ಯಾಡ," ಅಂದೆ.

ಮತ್ತೂ ಒಂದಿಷ್ಟು ದೂರ. ನೀರು ತಣ್ಣಗಾಗುತ್ತ ಹೋಯಿತು.

"ಬಿಡ್ಲೇನು?"

"ಇನ್ನಾ ಬ್ಯಾಡಲೇ!"

ಆಗ ಎಲ್ಲೋ ಮೇಲಿನಿಂದ ಬಸವರಾಜನ ದನಿ ಬಂತು. ನನ್ನ ಜೊತೆ ಮಾತಾಡುತ್ತಿರಲಿಲ್ಲ ಅವನು.

"ಹೂಂ ಅವ್ವಾ... ಊಟ ಆತು. ಪರೀಕ್ಷಾ ಚಲೋ ಆಗ್ಯಾವ. ನಾಳೆ ಮುಂಜಾನಿ ಬಸ್ಸಿಗೆ ಬರ್ತೀನಿ..."

ಕಣ್ಣು ಬಿಟ್ಟೆ. ಇಪ್ಪತ್ತು ಮೆಟ್ಟಿಲ ಮೇಲೆ ಅವನ ಫೋನಿನ ಬೆಳಕು. ಆ ಬೆಳಕಿನಲ್ಲಿ ಅವನ ಒದ್ದೆ ಮುಖ. ನಾನು ನಡುಬಾವಿಯಲ್ಲಿದ್ದೆ.

ಅಂಗೈ ಇನ್ನೂ ನನ್ನ ಹೊಟ್ಟೆಯ ಕೆಳಗೇ ಇತ್ತು.

ಐದೂ ಬೆರಳುಗಳು ನನಗೆ ಬೇರೆ ಬೇರೆಯಾಗಿ ತಿಳಿಯುತ್ತಿದ್ದವು. ಅವು ಬಿಗಿಯಾಗಿರಲಿಲ್ಲ. ಹಸುಗೂಸಿಗೆ ನೀರು ಹಾಕುವಾಗ ಹಿಡಿದ ಹಾಗೆ ಹಿಡಿದಿದ್ದವು.

"ಬಿಡ್ಲೇನು?"

ಬಿಡು ಅಂದರೆ ಮುಳುಗುತ್ತೇನೆ. ಬೇಡ ಅಂದರೆ... ಎಲ್ಲಿಯವರೆಗೆ ಹಿಡಿದುಕೊಂಡಿರುತ್ತದೆ? ಬಸವರಾಜನನ್ನು ಕೂಗಲು ಹೋದೆ. ಗಂಟಲಿನಿಂದ ದನಿ ಹೊರಡಲಿಲ್ಲ. ಕಡೆಗೆ ಹೇಗೋ ಅಂದೆ.

"ದಂಡಿಗೆ ಹಚ್ಚಪಾ. ನಿನ್ನ ಕಾಲಿಗೆ ಬೀಳ್ತೀನಿ... ದಂಡಿಗೆ ಹಚ್ಚು."

ಮೇಲಿನಿಂದ ಟಾರ್ಚಿನ ಬೆಳಕು ನೀರಿಗೆ ಬಿತ್ತು. ಸೀನು ಕಿರುಚಿದ. ನನ್ನ ಮೊಣಕಾಲು ಕಲ್ಲಿಗೆ ಬಡಿದವು. ಬಸವರಾಜ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎಳೆದುಕೊಂಡ. ಮೆಟ್ಟಿಲ ಮೇಲೆ ಬಿದ್ದು ಬಹಳ ಹೊತ್ತು ನೀರು ಕಾರಿದೆ.

"ಫೋನ್ ಬಂತು, ಮೆಟ್ಲ ಮ್ಯಾಲ ನಿಂದ್ರು ಅಂತ ಹೇಳಿ ಹೋದ್ನಲ್ಲೋ," ಬಸವರಾಜ ಅಳುತ್ತಿದ್ದ. "ನೀ ಹೂಂ ಅಂದಿ. ದೇವರಾಣಿ, ಹೂಂ ಅಂದಿ!"

ಅವನು ಹೇಳಿದ್ದೂ, ನಾನು ಹೂಂ ಅಂದದ್ದೂ ನನಗೆ ನೆನಪಿಲ್ಲ.

ರೂಮಿಗೆ ಬಂದಾಗ ನಾಗಪ್ಪಜ್ಜ ಕಟ್ಟೆಯ ಮೇಲೆ ಬೀಸಣಿಗೆ ಹಿಡಿದು ಕೂತಿದ್ದ. ನನ್ನ ಮೊಣಕಾಲಿನ ರಕ್ತ ನೋಡಿ ಅರಿಶಿನ ತರಿಸಿದ. ಎಲ್ಲ ಹೇಳಿ, "ಅಜ್ಜಾ, ಆ ಬಾವ್ಯಾಗ ಯಾರರ ಸತ್ತಾರೇನ್ರಿ?" ಅಂತ ಕೇಳಿದೆ.

ಅಜ್ಜ ಬೀಸಣಿಗೆ ನಿಲ್ಲಿಸಿದ.

"ಒಬ್ರೂ ಸತ್ತಿಲ್ಲ ತಮ್ಮಾ. ನಮ್ಮಪ್ಪನ ಕಾಲದಾಗೂ ಸತ್ತಿದ್ದಿಲ್ಲಂತ. ಅದಕ್ಕೇ ಊರ ಹುಡುಗ್ರೆಲ್ಲ ಅಲ್ಲೇ ಈಸು ಕಲಿಯೋದು." ಆಮೇಲೆ ದನಿ ತಗ್ಗಿಸಿ, "ಇನ್ನ ಮ್ಯಾಲ ಹೋಗಬ್ಯಾಡ್ರಿ," ಅಂದ. ಯಾಕೆ ಅಂತ ಎಷ್ಟು ಕೇಳಿದರೂ ಹೇಳದೆ ಒಳಗೆ ಹೋಗಿ ಅಗಳಿ ಹಾಕಿಕೊಂಡ.

ಸೀನು ಬೆಳಗಾಗುವ ಮುಂಚೆಯೇ ಚೀಲ ಕಟ್ಟಿಕೊಂಡು ಊರಿಗೆ ಹೋದ. ಆಮೇಲೆ ನನ್ನ ಫೋನು ಎತ್ತಲೇ ಇಲ್ಲ.

ಹೋದ ವರ್ಷ ಗದ್ವಾಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಅಲ್ಲೇ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ತಪ್ಪಿಸಿಕೊಳ್ಳಲು ನೋಡಿದ, ನಾನು ಕೈ ಹಿಡಿದು ಚಹಾದಂಗಡಿಗೆ ಕರೆದೊಯ್ದೆ.

"ಅವತ್ತು ನೀ ಯಾಕ ಚೀರಿದಿ ಸೀನು?"

ಅವನ ಬಾಯಲ್ಲಿ ಮೊದಲು ತೆಲುಗೇ ಬಂತು. "ವದ್ದುರಾ... ಬ್ಯಾಡ ಬಿಡು," ಅಂದ. ನಾನು ಬಿಡಲಿಲ್ಲ.

"ಟಾರ್ಚ್ ಹಾಕಿದೆ," ಅಂದ ಕಡೆಗೆ. "ನೀ ಈಸ್ತಿದ್ದಿಲ್ಲ ಮಲ್ಲೇಶಿ. ಕೈ ಕಾಲು ಒಂದೂ ಆಡ್ತಿದ್ದಿಲ್ಲ. ಮೂಗು, ಬಾಯಿ, ಮಾರಿ ಪೂರಾ ನೀರಾಗ ಇತ್ತು. ಹಂಗೇ ಬೋರಲು, ಸೀದಾ ಮೆಟ್ಲ ಕಡಿ ಬರಾಕತ್ತಿದ್ದಿ."

"ಸುಳ್ಳು. ನಾ ಮಾತಾಡ್ದೆ. ದಂಡಿಗೆ ಹಚ್ಚು ಅಂದೆ."

"ಅದೂ ಕೇಳಿಸ್ತು. ನಿಂದೇ ದನಿ." ಅವನು ಲೋಟ ಕೆಳಗಿಟ್ಟ. "ಆದ್ರ ಅದು ನಿನ್ನ ಕಡಿಂದ ಬರಲಿಲ್ಲ. ಬಾವಿ ಆ ಕಡಿಂದ... ಆ ಕುಸಿದ ಮೆಟ್ಲ ಮ್ಯಾಲಿಂದ ಬಂತು."

ಧರೂರಿನ ಬಸ್ಸು ಬಂತು. ಚಹಾ ಅರ್ಧಕ್ಕೇ ಬಿಟ್ಟು ಅವನು ಓಡಿ ಹತ್ತಿಕೊಂಡ. ಹಿಂದಿರುಗಿ ನೋಡಲಿಲ್ಲ.

ಅಂದಿನಿಂದ ಒಬ್ಬನೇ ಇರುವಾಗ ನಾನು ಬಾಯಿ ಬಿಟ್ಟು ಮಾತಾಡುವುದಿಲ್ಲ. ನನ್ನ ದನಿ ಮನೆಯ ಬೇರೆ ಯಾವುದೋ ಮೂಲೆಯಿಂದ ಕೇಳಿಸಿಬಿಟ್ಟರೆ...