ಅನಸುಬಾಯಿಯ ನಾಲ್ಕನೇ ಕಂಪ್ಯೂಟರ್

ಚಿಂಚೋಳಿ ಹತ್ತಿರದ ಒಂದು ಊರಿನ ಪಂಚಾಯಿತಿ ಗ್ರಂಥಾಲಯವನ್ನು ಹದಿನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿರುವವಳು ಅನಸುಬಾಯಿ. ಅವಳ ಓದು ಪಿಯುಸಿಗೇ ನಿಂತಿತ್ತು. ಆದರೆ ಕಪಾಟಿನ ಕತೆ, ಚರಿತ್ರೆಗಳನ್ನೆಲ್ಲ ಓದಿ ಮುಗಿಸಿ, ಕಡೆಗೆ ವಿಜ್ಞಾನದ ಪುಸ್ತಕಗಳಿಗೂ ಕೈಹಾಕಿದ್ದಳು. ತಿಳಿಯದ್ದನ್ನು ವಹಿಯಲ್ಲಿ ಬರೆದಿಟ್ಟು, ತಿಳಿದವರು ಸಿಕ್ಕಾಗ ಕೇಳುತ್ತಿದ್ದಳು. ನಲವತ್ತಾರು ದಾಟಿದರೂ ಕೇಳುವುದಕ್ಕೆ ಅವಳಿಗೆ ನಾಚಿಕೆಯಿರಲಿಲ್ಲ.

ಆ ವರ್ಷ ಯಾವುದೋ ಕಚೇರಿಯವರು ಬೇಡವೆಂದು ಬಿಟ್ಟ ನಾಲ್ಕು ಕಂಪ್ಯೂಟರು ಗ್ರಂಥಾಲಯಕ್ಕೆ ಬಂದವು. ಒಂದೊಂದು ಶುರುವಾಗುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಸೇಡಂನಲ್ಲಿ ನಡೆದ ತರಬೇತಿಯಲ್ಲಿ ಶಹಾಬಾದಿನ ಬಂದೇಅಲಿ ಅವಳಿಗೆ ಒಂದು ಪೆನ್‌ಡ್ರೈವ್ ಕೊಟ್ಟ. ಅವನದು ರಿಪೇರಿ ಅಂಗಡಿ. "ಇದರಾಗ ಲಿನಕ್ಸ್ ಅದ ಅಕ್ಕಾ, ಕಂಪ್ಯೂಟರ್ ನಡೆಸೋ ಪುಕ್ಕಟೆ ಸಾಫ್ಟ್‌ವೇರು. ಹಳೇ ಮಷೀನಿಗೆ ಹಗುರ ಆಗ್ತದ," ಅಂದ.

ಊರಿಗೆ ಬಂದು ಅದನ್ನು ಹಾಕಿದಾಗ ಮೂರು ಕಂಪ್ಯೂಟರು ಸರಾಗವಾಗಿ ಎದ್ದವು. ನಾಲ್ಕನೆಯದರಲ್ಲೂ ಎಲ್ಲ ಸರಿಯಾಗಿ ಕೂತಂತೆ ಕಂಡಿತು. ಆದರೆ ಬಂದ್ ಮಾಡಿ ಶುರು ಮಾಡಿದಾಗ ಪರದೆ ಕಪ್ಪಾಯಿತು, ಬಿಳಿ ಅಕ್ಷರಗಳು ಸುರಿದವು, ಕೀಲಿಮಣೆಯ ದೀಪ ಪಿಳಿಪಿಳಿ ಮಿಟುಕಿತು. ಮತ್ತೊಮ್ಮೆ ಲಿನಕ್ಸ್ ಹಾಕಿದರೂ ಅದೇ ಹಾಡು.

ಪಂಚಾಯಿತಿ ಸದಸ್ಯ ಕಲ್ಯಾಣಪ್ಪ ಬಂದು ನೋಡಿ, "ಮೂರು ನಡೀತಾವಲ್ಲ, ಸಾಕ್ ಬಿಡ್ರಿ ಬಾಯಿ. ಇದನ್ನ ಗುಜರಿಗೆ ಹಾಕ್ರಿ," ಅಂದ.

"ಏನಾಗ್ಯದ ಅಂತ ಗೊತ್ತಾಗಲಿ, ಆಮ್ಯಾಲ ಹಾಕ್ತೀನ್ರಿ."

ಅನಸುಬಾಯಿಯ ಕಣ್ಣು ಬಾಗಿಲ ಕಡೆಗಿತ್ತು. ಅಲ್ಲಿ ಸಾಬಮ್ಮ ನಿಂತಿದ್ದಳು. ತೊಗರಿ ಕೊಯ್ಲು ಮುಗಿಸಿ, ಕನ್ನಡ ಟೈಪಿಂಗ್ ಕಲಿಯಲು ದಿನವೂ ಎಲ್ಲರಿಗಿಂತ ಕಡೆಗೆ ಬರುವವಳು ಅವಳೇ. ಅಷ್ಟರಲ್ಲಿ ಮೂರು ಕುರ್ಚಿಗಳೂ ತುಂಬಿರುತ್ತಿದ್ದವು.

ಮರುದಿನ ಅನಸುಬಾಯಿ ಬಂದೇಅಲಿಗೆ ಫೋನ್ ಹಚ್ಚಿದಳು.

"ಪರದೆ ಮ್ಯಾಲ ಕಡೀ ಸಾಲು ಏನದ ಅಕ್ಕಾ?"

"ಯಾವ ಸಲದ್ದು ಹೇಳ್ಲಿ? ಆರು ಸಲದ್ದು ಬರಕೊಂಡೀನಿ. ಒಂದೊಂದು ಸಲ ಒಂದೊಂದು ಬರ್ತದ."

"ಭಾಳ ಚಲೋ ಮಾಡೀರಿ. ಲಿನಕ್ಸಿನಾಗ ತಪ್ಪಿದ್ರ ಪ್ರತಿ ಸಲ ಒಂದೇ ಜಾಗಾದಾಗ ನಿಲ್ತಿತ್ತು. ಇದು ಮನಸ್ಸಿಗೆ ಬಂದಲ್ಲಿ ನಿಲ್ಲಾಕತ್ತದ. ನನಗ ಮೆಮೊರಿ ಮ್ಯಾಲ ಶಕ್ ಅದ. ಕರೆಂಟಿನ ವೈರ್ ಕಿತ್ತು ಡಬ್ಬಿ ಬಿಚ್ಚರಿ. ಒಳಗ ಮೆಮೊರಿದು ಎರಡು ಪಟ್ಟಿ ಅವ, ಒಂದೊಂದೇ ಹಾಕಿ ನೋಡ್ರಿ."

ಅವಳು ವೈರ್ ಕಿತ್ತು ಡಬ್ಬಿ ಬಿಚ್ಚಿದಳು. ಒಂದನೇ ಪಟ್ಟಿ ತೆಗೆದು, ಎರಡನೆಯದನ್ನು ಇದ್ದಲ್ಲೇ ಬಿಟ್ಟಳು. ಶುರು ಮಾಡಿದರೆ ಮತ್ತೆ ಅದೇ ಕಪ್ಪು ಪರದೆ. ಎರಡನೆಯದನ್ನು ತೆಗೆದು ಒಂದನೆಯದನ್ನು ಅದು ಮೊದಲಿದ್ದ ಜಾಗದಲ್ಲೇ ಕೂರಿಸಿದಳು. ಕಂಪ್ಯೂಟರು ಎದ್ದು ಮಧ್ಯಾಹ್ನದವರೆಗೆ ನಡೆಯಿತು. ಹಾಗಾದರೆ ಎರಡನೇ ಪಟ್ಟಿಯೇ ಕೆಟ್ಟದ್ದು ಅಂತ ಎತ್ತಿಡಬಹುದಿತ್ತು. ಆದರೂ ಅವಳ ಮನಸ್ಸು ಒಪ್ಪಲಿಲ್ಲ. ಆ ಎರಡನೇ ಪಟ್ಟಿಯನ್ನೇ ಒಂದನೆಯದು ನಡೆದ ಜಾಗದಲ್ಲಿ ಕೂರಿಸಿದಳು. ಅದೂ ನಡೆಯಿತು!

"ಪಟ್ಟಿ ಎರಡೂ ಬರೋಬರ್ ಅವ," ಅಂತ ಫೋನಿನಲ್ಲಿ ಕೂಗಿದಳು, "ಕೆಟ್ಟಿದ್ದು ಎರಡನೇದು ಕೂತಿದ್ದ ಸ್ಲಾಟು!"

ಬಂದೇಅಲಿ ನಕ್ಕ. "ನಾನಾಗಿದ್ರ ಹೊಸಾ ಪಟ್ಟಿ ತರ್ರಿ ಅಂತ ಹೇಳಿಬಿಡ್ತಿದ್ದೆ. ಆ ಸ್ಲಾಟು ಖಾಲಿ ಬಿಡ್ರಿ. ಒಂದರ ಮ್ಯಾಲೇ ನಡೀತದ."

ಅಂದು ಸಂಜೆ ಸಾಬಮ್ಮ ಕಾಯದೆ ಕುರ್ಚಿಯಲ್ಲಿ ಕೂತಳು. ಉಳಿದ ಪಟ್ಟಿ ಪಕ್ಕದ ಕಂಪ್ಯೂಟರಿನ ಖಾಲಿ ಸ್ಲಾಟಿಗೆ ಹೊಂದಿ, ಅದು ಮೊದಲಿಗಿಂತ ಚುರುಕಾಯಿತು. ಕಲ್ಯಾಣಪ್ಪ ಗುಜರಿಯ ಮಾತು ಮತ್ತೆ ಎತ್ತಲಿಲ್ಲ. ತನ್ನ ಮಗಳನ್ನೂ ಕಲಿಯಲು ಕಳಿಸಿದ.

ಮುಂದಿನ ತರಬೇತಿಯಲ್ಲಿ ಬಂದೇಅಲಿ ಈ ಕತೆಯನ್ನು ಎಲ್ಲರೆದುರು ಹೇಳಿದ. ಎರಡು ವಾರಕ್ಕೆ ಚಿತ್ತಾಪುರ ಕಡೆಯ ಗ್ರಂಥಾಲಯದ ಕಾಶೀನಾಥ ಅವಳನ್ನು ಕರೆಸಿಕೊಂಡ. ಅಲ್ಲಿ ನಡೆಯದೆ ಕೂತ ಐದು ಹಳೇ ಕಂಪ್ಯೂಟರು ಮೇಜಿನ ಮೇಲೆ ಸಾಲಾಗಿದ್ದವು.

"ಎಲ್ಲಿಂದ ಸುರು ಮಾಡೋಣ್ರಿ ಮೇಡಮ್?" ಅಂದ ಅವನು.

ಹದಿನಾಲ್ಕು ವರ್ಷದಲ್ಲಿ ಅವಳನ್ನು ಬೇರೆ ಊರಿಗೆ ಕರೆದು ಹೀಗೆ ಕೇಳಿದವರಿಲ್ಲ. ಅನಸುಬಾಯಿ ಸೆರಗು ಸಿಕ್ಕಿಸಿಕೊಂಡಳು.

"ಮೊದಲಿಗೆ ಕಿಟಕಿ ತಗೀರಿ," ಅಂದಳು, "ಜರಾ ಬೆಳಕು ಬರ್ಲಿ."