ಲವೇನಿಯಾ ಕಿತ್ತ ಪ್ಲಗ್

ಲಂಬಾಸಾ ಪಟ್ಟಣದ ಆ ಖಾಸಗಿ ಆಸ್ಪತ್ರೆಯಲ್ಲಿ ಲವೇನಿಯಾಳನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅವಳಿಗೂ ಯಾರನ್ನು ಕಂಡರೂ ಆಗುತ್ತಿರಲಿಲ್ಲ, ಅಲ್ಲಿಗೆ ಸರಿಹೋಯಿತು. ರೋಗಿಗಳ ದಾಖಲೆಗಳಿದ್ದ ಕಂಪ್ಯೂಟರುಗಳೆಲ್ಲ ಅವಳ ಸುಪರ್ದಿನಲ್ಲಿದ್ದವು. ಮಧ್ಯಾಹ್ನ ಉಳಿದವರು ಕ್ಯಾಂಟೀನಿನಲ್ಲಿ ಯಂಗೋನಾ ಎಂಬ ಬೇರಿನ ಪಾನಕದ ಬೋಗುಣಿ ಸುತ್ತ ಕೂತು ಹರಟುತ್ತಿದ್ದರೆ, ಇವಳು ಒಬ್ಬಳೇ ಮರಗೆಣಸು ಜಗಿಯುತ್ತ ದಾಖಲೆ ಉಳಿಸಿಡುವ ಡಿಸ್ಕುಗಳ ವೇಗ ಅಳೆಯುತ್ತಿದ್ದಳು. ಸೆಕೆಂಡಿಗೆ ಎಷ್ಟು ದಾಖಲೆ ಬರೆಯುತ್ತದೆ? ಲೋಕದಲ್ಲಿ ಅವಳಿಗೆ ಬೇಕಾದ ಸುದ್ದಿ ಅದೊಂದೇ. ಹೋದ ವರ್ಷ ಆಸ್ಪತ್ರೆಗೆ ಹೊಸ ಡಿಸ್ಕುಗಳನ್ನು ಆರಿಸಿದವಳೂ ಅವಳೇ. ವೇಗದ ಪರೀಕ್ಷೆಯಲ್ಲಿ ಅವು ಉಳಿದವನ್ನೆಲ್ಲ ಹಿಂದೆ ಹಾಕಿದ್ದವು. ಅದನ್ನು ಹೇಳಿ ಹೇಳಿ ಎಲ್ಲರ ತಲೆ ತಿಂದಿದ್ದಳು.

ಈಗ ಅಸೆನಾಕಾಳ ಕೆಲಸ ಹೋಗುವುದರಲ್ಲಿತ್ತು. ಅವಳು ರಕ್ತಪರೀಕ್ಷೆ ಕೋಣೆಯ ಹುಡುಗಿ. ಹೋದ ವಾರ ಬಿರುಗಾಳಿಗೆ ಕರೆಂಟು ಹೋಗಿತ್ತು, ಜನರೇಟರೂ ಕೈಕೊಟ್ಟಿತ್ತು. ಮತ್ತೆ ದೀಪ ಬಂದಾಗ ಹೆರಿಗೆಗೆ ಬಂದಿದ್ದ ಹೆಂಗಸೊಬ್ಬಳ ರಕ್ತದ ಗುಂಪು ದಾಖಲೆಯಲ್ಲಿ ಇರಲೇ ಇಲ್ಲ. ಇನ್ನೊಮ್ಮೆ ಪರೀಕ್ಷೆ ಮಾಡಿ ರಕ್ತ ಕೊಡುವಷ್ಟರಲ್ಲಿ ಆ ಬಡಪಾಯಿ ಸತ್ತು ಬದುಕಿದಳು. ಕರೆಂಟು ಹೋಗುವ ಮೊದಲೇ ಟೈಪ್ ಮಾಡಿದ್ದೆ, ದಾಖಲಾಯಿತು ಎಂದು ಪರದೆಯ ಮೇಲೆ ಬಂದಿತ್ತು ಎಂದು ಅಸೆನಾಕಾ ಬಡಕೊಂಡಳು. ಲವೇನಿಯಾ ಕ್ಯಾಂಟೀನಿನಲ್ಲಿ ಎಲ್ಲರೆದುರು ಅವಳ ಮುಖಕ್ಕೆ ಹೊಡೆದ ಹಾಗೆ ಹೇಳಿದಳು:

"ನನ್ನ ಡಿಸ್ಕು ಸುಳ್ಳು ಹೇಳಲ್ಲ ಕಣೇ. ನೀನು ಹೇಳ್ತೀಯ."

ಆಸ್ಪತ್ರೆಯವರು ತನ್ನ ಮೇಲೆ ಇಟ್ಟಿದ್ದ ವಿಚಾರಣೆಯ ದಿನ ಬೆಳಿಗ್ಗೆ ಅಸೆನಾಕಾ ಕಂಪ್ಯೂಟರ್ ಕೋಣೆಗೆ ನುಗ್ಗಿದಳು.

"ಅಕ್ಕಾ, ಪರೀಕ್ಷೆ ಪರೀಕ್ಷೆ ಅಂತ ಮೆರೀತೀಯಲ್ಲ, ಅದು ಬರೀತಿರೋವಾಗ ಯಾವತ್ತಾದ್ರೂ ಪ್ಲಗ್ ಕಿತ್ತು ನೋಡಿದೀಯಾ?"

"ಓಡೋ ಯಂತ್ರದ ಪ್ಲಗ್ ಯಾರಾದ್ರೂ ಕೀಳ್ತಾರೇನೇ? ತಲೆ ನೆಟ್ಟಗಿದೆ ತಾನೆ?"

"ಅವತ್ತು ಗಾಳಿ ಕಿತ್ತಿತಲ್ಲ. ಹೋಗಿ ಅದಕ್ಕೆ ಬುದ್ಧಿ ಹೇಳು," ಎಂದವಳೇ ಬಾಗಿಲು ದಬಾರನೆ ಎಳೆದುಕೊಂಡು ಹೊರಟುಹೋದಳು.

ಲವೇನಿಯಾಳಿಗೆ ಮೈಯೆಲ್ಲ ಉರಿದುಹೋಯಿತು. ಇವಳ ಬಾಯಿ ಮುಚ್ಚಿಸದಿದ್ದರೆ ಕೇಳಿ ಎಂದುಕೊಂಡು, ಕೆಟ್ಟರೆ ಇರಲಿ ಎಂದು ಇಟ್ಟಿದ್ದ ಇನ್ನೊಂದು ಯಂತ್ರಕ್ಕೆ ಅದೇ ಜಾತಿಯ ಡಿಸ್ಕು ಹಾಕಿ, ಒಂದು ಎರಡು ಮೂರು ಎಂದು ಅಂಕಿಗಳನ್ನು ಬರೆಯಲು ಬಿಟ್ಟಳು. ಬರೆದಾಯಿತು ಎಂದು ಡಿಸ್ಕು ಒಪ್ಪಿಕೊಂಡ ಅಂಕಿಗಳನ್ನು ಪಕ್ಕದ ಕಂಪ್ಯೂಟರು ತೋರಿಸುತ್ತ ಹೋಯಿತು. ಅಂಕಿ ಸರಸರನೆ ಏರುತ್ತಿರುವಾಗಲೇ ಪ್ಲಗ್ ಕಿತ್ತಳು. ಮತ್ತೆ ಚುಚ್ಚಿ ನೋಡಿದರೆ, ಒಪ್ಪಿಕೊಂಡಿದ್ದ ಕೊನೆಯ ಅಂಕಿಗಳು ಡಿಸ್ಕಿನಲ್ಲಿ ಇರಲಿಲ್ಲ. ಇನ್ನೊಮ್ಮೆ ಕಿತ್ತಳು. ಆಗಲೂ ಇರಲಿಲ್ಲ.

ಆ ದರಿದ್ರ ಡಿಸ್ಕು ಬರೆಯುವ ಮೊದಲೇ ಬರೆದೆ ಎನ್ನುತ್ತಿತ್ತು. ಕೊಟ್ಟಿದ್ದನ್ನು ತನ್ನ ನೆನಪಿನಲ್ಲಿ ಇಟ್ಟುಕೊಂಡು, ಪುರುಸೊತ್ತಾದಾಗ ಬರೆಯುತ್ತಿತ್ತು. ಕರೆಂಟು ಹೋದರೆ ಆ ನೆನಪೂ ಹೋಯಿತು. ಪರೀಕ್ಷೆಯಲ್ಲಿ ಅದು ಎಲ್ಲವನ್ನೂ ಹಿಂದೆ ಹಾಕಿದ್ದೂ ಹೀಗೆಯೇ.

ಲವೇನಿಯಾ ಆಡಳಿತ ನೋಡಿಕೊಳ್ಳುವ ಗೌಂಡರನಿಗೆ ಹೋಗಿ ಹೇಳಿದಳು. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ.

"ಡಿಸ್ಕು ಆರಿಸಿದ್ದು ಯಾರಮ್ಮಾ? ನೀನೇ ತಾನೆ? ಸುಮ್ನಿದ್ರೆ ಹುಡುಗಿ ಹೋಗ್ತಾಳೆ. ಬಾಯಿ ಬಿಟ್ರೆ ನೀನು ಹೋಗ್ತೀಯ. ತೆಪ್ಪಗಿರು."

ಹೊರಗೆ ಬೆಂಚಿನ ಮೇಲೆ ಅಸೆನಾಕಾ ಕೂತಿದ್ದಳು. ಲವೇನಿಯಾ ಬಗ್ಗಿ, ದನಿ ತಗ್ಗಿಸಿ ಹೇಳಿದಳು: "ನೀನು ಬರೆದಿದ್ದೆ ಕಣೇ."

ಅಸೆನಾಕಾ ತಲೆ ಎತ್ತಲಿಲ್ಲ. "ಅದು ನಂಗೊತ್ತು. ನನ್ನ ಸುಳ್ಳಿ ಅನ್ನೋವಾಗ ಗಂಟಲು ಹರಿಯೋ ಹಾಗೆ ಕೂಗಿದೆ. ಈಗ್ಯಾಕೆ ಪಿಸುಗುಡ್ತೀಯ?"

ಲವೇನಿಯಾ ನೆಟ್ಟಗೆ ಕ್ಯಾಂಟೀನಿಗೆ ಹೋದಳು. ಬೋಗುಣಿಯ ಸುತ್ತ ಎಲ್ಲರೂ ಸೇರಿದ್ದರು, ಹಿಂದೆಯೇ ಗೌಂಡರನೂ ಬಂದು ಬಾಗಿಲಲ್ಲಿ ನಿಂತ. "ಆ ಹುಡುಗಿ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ಡಿಸ್ಕು, ಆರಿಸಿದವಳು ನಾನು," ಎಂದು ಕೂಗಿ ಹೇಳಿದಳು. ಯಾರೊಬ್ಬರೂ ಬಾ, ಕೂತ್ಕೋ ಎನ್ನಲಿಲ್ಲ.

ಅಸೆನಾಕಾಳ ಕೆಲಸ ಉಳಿಯಿತು, ಲವೇನಿಯಾಳದ್ದು ಹೋಯಿತು. ತನ್ನ ಚೀಲ ಹೆಗಲಿಗೇರಿಸಿ ಹೊರಡುವಾಗ ಅವಳು ರಕ್ತಪರೀಕ್ಷೆಯ ಕಿಟಕಿಯೆದುರು ಒಂದು ಗಳಿಗೆ ನಿಂತಳು. ಅಸೆನಾಕಾ ಎದ್ದು ಬಂದು, ಅವಳನ್ನೇ ನೋಡುತ್ತ, ಕಿಟಕಿ ಮುಚ್ಚಿದಳು.